ಎಂಬತ್ತಕ್ಕೆ ಕೂಗುವ ಕಾರು, ಮೂವತ್ತರ ರಸ್ತೆಯಲ್ಲಿ ಮೌನ

2019ರ ಜುಲೈ 1ರ ನಂತರ ತಯಾರಾದ ಯಾವ ಕಾರನ್ನಾದರೂ ಹತ್ತಿ ಕೂರಿ. ವೇಗ ಗಂಟೆಗೆ 80 ಕಿ.ಮೀ. ದಾಟಿದ ಕೂಡಲೇ ‘ಟಿಂಗ್’ ಎನ್ನುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ‘ಟಿಂಗ್’. 120 ದಾಟಿತೋ, ಬಾಯಿ ಮುಚ್ಚುವುದೇ ಇಲ್ಲ. ಚಾಲಕನ ಏರ್‌ಬ್ಯಾಗ್, ಸೀಟ್ ಬೆಲ್ಟ್ ಹಾಕಿಲ್ಲವೆಂದು ಎಚ್ಚರಿಸುವ ಸದ್ದು, ರಿವರ್ಸ್ ಸೆನ್ಸರ್ ಇವುಗಳ ಜೊತೆಗೆ ಕೇಂದ್ರ ಸರ್ಕಾರ ಕಡ್ಡಾಯ ಮಾಡಿದ ಏರ್ಪಾಡು ಇದು. ಉದ್ದೇಶ ಒಳ್ಳೆಯದೇ. ಆದರೆ ಈ ಗಂಟೆಗೆ ತಾನು ಯಾವ ರಸ್ತೆಯಲ್ಲಿದ್ದೇನೆ ಎಂಬುದೇ ತಿಳಿಯದು. ಶಾಲೆಯ ಮುಂದೆ ಕೆಂಪು ವೃತ್ತದಲ್ಲಿ 30 ಎಂದು ಬರೆದಿರುವ ಕಡೆ ನೀವು 65ರಲ್ಲಿ ಹೋದರೂ ಅದು ತೆಪ್ಪಗಿರುತ್ತದೆ. 100ಕ್ಕೆ ಅನುಮತಿಯಿರುವ ಹೆದ್ದಾರಿಯಲ್ಲಿ 85ಕ್ಕೆ ಹೋದರೆ ತಪ್ಪು ಮಾಡಿದವರ ಹಾಗೆ ಗದರಿಸುತ್ತದೆ. ಹೀಗೆ ಕಾರಣವಿಲ್ಲದೆ ಗದರುವವರ ಮಾತು ಯಾರೂ ಬಹಳ ದಿನ ಕೇಳುವುದಿಲ್ಲ. ಮೊದಲ ವಾರ ಕಿರಿಕಿರಿ, ಎರಡನೇ ತಿಂಗಳಿಗೆ ಕಿವಿಗೇ ಬೀಳುವುದಿಲ್ಲ. ಅದನ್ನು ಬಂದ್ ಮಾಡಿಸಲು ಮೆಕ್ಯಾನಿಕ್ ಹುಡುಕುವವರೂ ಇದ್ದಾರೆ.

ಹಾಗಾದರೆ ನಮಗೆ ಬೇಕಾದದ್ದು ಏನು? ಈಗ ಕಾರು ಓಡುತ್ತಿರುವ ರಸ್ತೆಯ ಮಿತಿ ಎಷ್ಟು ಎಂದು ತಿಳಿದಿರುವ, ಅದು ಬದಲಾಗುವ ಮೊದಲೇ ಹೇಳುವ, ಹೇಳುವ ರೀತಿಯಿಂದ ತಲೆ ಕೆಡಿಸದ ನ್ಯಾವಿಗೇಷನ್. ಈ ಮೂರರಲ್ಲಿ ನನ್ನ ಲೆಕ್ಕದಲ್ಲಿ ಕೊನೆಯದೇ ದೊಡ್ಡದು. ಎಷ್ಟೇ ನಿಖರವಾದ ಎಚ್ಚರಿಕೆಯಾದರೂ ನೀವು ಮ್ಯೂಟ್ ಮಾಡಿಟ್ಟ ಮೇಲೆ ಅದಕ್ಕೆ ಕೊಟ್ಟ ದುಡ್ಡು ದಂಡ. ಅಂಗಡಿಯವರು ತೋರಿಸುವ ಸ್ಕ್ರೀನಿನ ಅಗಲ, ರ‍್ಯಾಮ್, ಬಣ್ಣಗಳೆಲ್ಲ ಆಮೇಲಿನ ಮಾತು.

ಈಗ ಯಾಕೆ ಬೇಕು

ವೇಗ ಅಳೆಯುವ ಯಂತ್ರ ಮೊದಲು ಮರದ ನೆರಳಲ್ಲಿ ನಿಂತ ಇಂಟರ್‌ಸೆಪ್ಟರ್ ಜೀಪಿನಲ್ಲಿ ಇರುತ್ತಿತ್ತು. ಎದುರಿನಿಂದ ಬರುವ ಲಾರಿಯವರು ಲೈಟು ಮಿಟುಕಿಸಿ ಸುಳಿವು ಕೊಡುತ್ತಿದ್ದರು. ಈಗ ಕಂಬದ ಮೇಲಿನ ಕ್ಯಾಮೆರಾ ಹಗಲು ರಾತ್ರಿ ಅಳೆಯುತ್ತದೆ, ನಂಬರ್ ಪ್ಲೇಟ್ ಓದುತ್ತದೆ, ಮೊಬೈಲಿಗೆ ಚಲನ್ ಕಳಿಸುತ್ತದೆ. ಬೆಂಗಳೂರಿನ ಪ್ರಮುಖ ವೃತ್ತಗಳಿಗೆ 2022ರ ಡಿಸೆಂಬರಿನಲ್ಲಿ ಇಂಥ ವ್ಯವಸ್ಥೆ ಬಂತು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಅಪಘಾತಗಳಿಂದ ಕುಖ್ಯಾತವಾದ ಮೇಲೆ ಅಲ್ಲಿಗೂ ಕ್ಯಾಮೆರಾಗಳು ಬಂದವು. ಅಲ್ಲಿ ಕಾರಿಗೆ ಮಿತಿ 100. ಮೀರಿದರೆ ರಾಜ್ಯದಲ್ಲಿ ಕಾರಿಗೆ ದಂಡ 1000 ರೂಪಾಯಿ. 130 ದಾಟಿದರೆ ದಂಡದ ರಸೀತಿಗೆ ಮುಗಿಯುವುದಿಲ್ಲ. 2024ರ ಆಗಸ್ಟ್ 1ರಿಂದ ಅಂಥವರ ಮೇಲೆ ಎಫ್‌ಐಆರ್ ದಾಖಲಿಸುವುದಾಗಿ ಪೊಲೀಸರು ಪ್ರಕಟಿಸಿದರು. ಆಗೊಮ್ಮೆ ಈಗೊಮ್ಮೆ ಸರ್ಕಾರ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಘೋಷಿಸಿದಾಗ ಠಾಣೆಗಳ ಮುಂದೆ ಸಾಲು ನಿಲ್ಲುವುದನ್ನು ನೋಡಿದರೆ, ತಾವು ಯಾವಾಗ ಎಲ್ಲಿ ಮಿತಿ ಮೀರಿದೆವು ಎಂಬುದೇ ಗೊತ್ತಿಲ್ಲದವರು ಎಷ್ಟು ಮಂದಿ ಎಂದು ಆಶ್ಚರ್ಯವಾಗುತ್ತದೆ.

ದಂಡ ಸಣ್ಣ ಮಾತು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ; ಅದರಲ್ಲಿ ಶೇ 71ರಷ್ಟು ಸಾವಿಗೆ ಅತಿವೇಗವೇ ಕಾರಣವೆಂದು ದಾಖಲಾಗಿದೆ.

ಇಲ್ಲೇ ಒಂದು ವ್ಯತ್ಯಾಸ ತಿಳಿದುಕೊಳ್ಳಬೇಕು. ಆ್ಯಪ್‌ಗಳಲ್ಲಿ ಎರಡು ಬಗೆಯ ಎಚ್ಚರಿಕೆ ಇರುತ್ತದೆ. ಒಂದು, ‘ಮುಂದೆ ಕ್ಯಾಮೆರಾ ಇದೆ’. ಇನ್ನೊಂದು, ‘ಈ ರಸ್ತೆಯ ಮಿತಿ ಇಷ್ಟು, ನೀವು ಮೀರಿದ್ದೀರಿ’. ನಮ್ಮವರು ಕೇಳಿ ಹಾಕಿಸಿಕೊಳ್ಳುವುದು ಬಹುತೇಕ ಮೊದಲನೆಯದನ್ನು. ಕ್ಯಾಮೆರಾ ಬಂದಾಗ ಬ್ರೇಕು, ದಾಟಿದ ಮೇಲೆ ಆಕ್ಸಿಲರೇಟರು. ಈ ಜಾಣತನಕ್ಕೆ ಆಯುಸ್ಸು ಕಮ್ಮಿ. ಎರಡು ಕಂಬಗಳ ನಡುವೆ ಕಾರು ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ನೋಡಿ ಸರಾಸರಿ ವೇಗ ಹಿಡಿಯುವ ವ್ಯವಸ್ಥೆ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಆಗಲೇ ಇದೆ. ಅಲ್ಲಿ ಕಂಬದ ಕೆಳಗೆ ಮಾತ್ರ ಸಭ್ಯರಾದರೆ ಉಪಯೋಗವಿಲ್ಲ. ಅದೂ ಅಲ್ಲದೆ ಕ್ಯಾಮೆರಾ ಇರುವ ಭಾಗಕ್ಕೆ ಮುಂಚೆಯೇ ಫಲಕ ಹಾಕಿ ತಿಳಿಸಬೇಕು ಎಂದು 2021ರಲ್ಲಿ ಮೋಟಾರು ವಾಹನ ನಿಯಮಗಳಿಗೆ ಸೇರಿದ 167ಎ ನಿಯಮವೇ ಹೇಳುತ್ತದೆ. ಸರ್ಕಾರವೇ ಬರೆದು ನಿಲ್ಲಿಸಬೇಕಾದ ಸುದ್ದಿಗೆ ನೀವು ದುಡ್ಡು ಕೊಡಬೇಕಾಗಿಲ್ಲ. ಕೊಂಡುಕೊಳ್ಳುವುದಿದ್ದರೆ ಎರಡನೆಯ ಬಗೆಯದನ್ನು ಕೊಳ್ಳಿ.

ಮಿತಿ ಎಷ್ಟೆಂದು ಯಂತ್ರಕ್ಕೆ ಹೇಳಿದವರು ಯಾರು

ಉಪಗ್ರಹಕ್ಕೆ ನಿಮ್ಮ ರಸ್ತೆಯ ವೇಗಮಿತಿ ತಿಳಿಯದು. ಜಿಪಿಎಸ್ ಆಗಲಿ, ನಮ್ಮದೇ ಇಸ್ರೊದ ನಾವಿಕ್ ಆಗಲಿ, ಕೊಡುವುದು ಸ್ಥಾನ ಮತ್ತು ಸಮಯ ಅಷ್ಟೇ. ಪೆಟ್ಟಿಗೆಯ ಮೇಲೆ ‘ನಾವಿಕ್ ಇದೆ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ ಸಂತೋಷಪಡಿ, ಆದರೆ ಅದಕ್ಕೂ ವೇಗದ ಎಚ್ಚರಿಕೆಗೂ ಸಂಬಂಧವಿಲ್ಲ. ಮಿತಿಯ ಅಂಕಿ ಇರುವುದು ನಕ್ಷೆಯಲ್ಲಿ. ರಸ್ತೆಯ ಪ್ರತಿ ತುಂಡಿಗೂ ಯಾರೋ ಒಬ್ಬರು 40, 60, 80 ಎಂದು ಬರೆದಿಟ್ಟಿರಬೇಕು. ಬರೆದವರು ಯಾರು, ಯಾವಾಗ ಬರೆದರು ಎಂಬುದೇ ಇಡೀ ವ್ಯಾಪಾರದ ಜೀವಾಳ.

ನಮ್ಮಲ್ಲಿ ಇದು ಸುಲಭದ ಕೆಲಸವಲ್ಲ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಕಾರುಗಳಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ 120, ನಡುವೆ ವಿಭಜಕವಿರುವ ಚತುಷ್ಪಥದಲ್ಲಿ 100, ಊರೊಳಗೆ 70, ಉಳಿದ ರಸ್ತೆಯಲ್ಲಿ 70 ಎಂದು ಗರಿಷ್ಠ ಮಿತಿ ಹೊರಡಿಸಿತು. 2021ರಲ್ಲಿ ಮದ್ರಾಸ್ ಹೈಕೋರ್ಟ್ ಆ ಅಧಿಸೂಚನೆಯನ್ನು ರದ್ದುಪಡಿಸಿತು. ಹಾಗಿದ್ದರೂ ವೇಗದ ಮಾತು ಬಂದಾಗಲೆಲ್ಲ ಜನ ಹೇಳುವುದು ಅವೇ ಅಂಕಿಗಳನ್ನು. ಇದರ ಕೆಳಗೆ ರಾಜ್ಯದ ಆದೇಶ, ಅದರ ಕೆಳಗೆ ನಗರ ಪೊಲೀಸರ ಆದೇಶ, ಕೊನೆಗೆ ಗುತ್ತಿಗೆದಾರ ಕಾಮಗಾರಿಯ ಮುಂದೆ ನೆಟ್ಟ ತಗಡಿನ ಫಲಕ. ಎಕ್ಸ್‌ಪ್ರೆಸ್‌ವೇ ಎಂದು ಎಲ್ಲರೂ ಕರೆಯುವ ಮೈಸೂರು ಹೆದ್ದಾರಿಗೇ ಮಿತಿ 120 ಅಲ್ಲ, 100. ‘ಹೆದ್ದಾರಿ ಎಂದರೆ ಇಷ್ಟು’ ಎಂಬ ಅಂದಾಜಿನಲ್ಲಿ ಅಂಕಿ ತುಂಬಿದ ನಕ್ಷೆ ಇಲ್ಲಿ ನಿಮ್ಮನ್ನು ದಂಡಕ್ಕೆ ದಬ್ಬುತ್ತದೆ.

ಬೇರೆ ಬೇರೆ ಕಂಪನಿಗಳು ಈ ಅಂಕಿಯನ್ನು ಬೇರೆ ಬೇರೆ ದಾರಿಯಲ್ಲಿ ತರುತ್ತವೆ. ಗೂಗಲ್ ಮ್ಯಾಪ್ಸ್ 2022ರ ಜುಲೈನಲ್ಲಿ ಭಾರತದಲ್ಲಿ ಸಂಚಾರ ಪೊಲೀಸರು ಕೊಟ್ಟ ವೇಗಮಿತಿಯನ್ನು ತೋರಿಸುವುದಾಗಿ ಹೇಳಿದಾಗ ಮೊದಲು ಆರಿಸಿಕೊಂಡ ಊರು ಬೆಂಗಳೂರು. ಮ್ಯಾಪಲ್ಸ್ ಆ್ಯಪಿನ ಹಿಂದಿರುವ ಮ್ಯಾಪ್‌ಮೈಇಂಡಿಯಾ 1990ರ ದಶಕದಿಂದ ದೇಶದ ನಕ್ಷೆಯನ್ನೇ ಕಸುಬಾಗಿ ಮಾಡಿಕೊಂಡ ದೆಹಲಿಯ ಕಂಪನಿ. ಮಿತಿಯ ಜೊತೆಗೆ ಹಂಪು, ಚೂಪು ತಿರುವು, ಅಪಘಾತದ ತಾಣಗಳನ್ನೂ ಅದು ಹೇಳುತ್ತದೆ. ವೇಜ್ ಆ್ಯಪಿನಲ್ಲಿ ಬಳಕೆದಾರರೇ ನಕ್ಷೆ ತಿದ್ದುತ್ತಾರೆ. ಓಪನ್‌ಸ್ಟ್ರೀಟ್‌ಮ್ಯಾಪ್ ಸಂಪೂರ್ಣ ಸ್ವಯಂಸೇವಕರ ನಕ್ಷೆ. ಆಸ್ಮ್ಅಂಡ್‌ನಂಥ ಆ್ಯಪ್‌ಗಳು ಅದನ್ನು ಬಳಸುತ್ತವೆ. ಪೊಲೀಸರ ಪಟ್ಟಿಯಿಂದ ಬಂದ ಅಂಕಿ ನಗರದಲ್ಲಿ ಗಟ್ಟಿ, ತಾಲ್ಲೂಕು ದಾಟಿದ ಮೇಲೆ ಸಪ್ಪೆ. ಸ್ವಯಂಸೇವಕರ ನಕ್ಷೆ ಉತ್ಸಾಹಿ ಒಬ್ಬರಿರುವ ಊರಿನಲ್ಲಿ ಅಚ್ಚರಿ ಹುಟ್ಟಿಸುವಷ್ಟು ಕರಾರುವಾಕ್ಕು, ಪಕ್ಕದ ಊರಿನಲ್ಲಿ ಬರೀ ಗೆರೆ.

ಅಂಕಿ ಗೊತ್ತಿಲ್ಲದ ಕಡೆ ಖಾಲಿ ಬಿಡುವ ಯಂತ್ರವನ್ನು ನಾನು ಹೆಚ್ಚು ನಂಬುತ್ತೇನೆ. ಹಾಸನದಿಂದ ಒಳಗೆ ಹೋಗುವ ಯಾವುದೋ ಜಿಲ್ಲಾ ರಸ್ತೆಯಲ್ಲಿ ಒಂದು ಆ್ಯಪು ಏನನ್ನೂ ತೋರಿಸದೆ, ಇನ್ನೊಂದು ಧೈರ್ಯವಾಗಿ 80 ತೋರಿಸಿದರೆ, ಧೈರ್ಯದ ಆ್ಯಪೇ ಉತ್ತಮ ಎಂದು ತೀರ್ಮಾನಿಸಬೇಡಿ. ಆ 80 ಎಲ್ಲಿಂದ ಬಂತು ಎಂದು ಕೇಳಿಕೊಳ್ಳಿ.

ಮೇಲಿನ ರಸ್ತೆಯೋ ಕೆಳಗಿನ ರಸ್ತೆಯೋ

ಎಲ್ಲ ಆ್ಯಪ್‌ಗಳೂ ಎಡವುವ ಜಾಗ ಇದು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ಮೈಲುಗಟ್ಟಲೆ ಮೇಲ್ಸೇತುವೆ ಇದೆ. ಮೇಲೆ ಒಂದು ರಸ್ತೆ, ಸರಿಯಾಗಿ ಅದರ ಕೆಳಗೆ ಇನ್ನೊಂದು ರಸ್ತೆ, ಪಕ್ಕದಲ್ಲಿ ಸರ್ವಿಸ್ ರಸ್ತೆ. ಮೂರಕ್ಕೂ ಮಿತಿ ಬೇರೆ ಇರಬಹುದು. ತುಮಕೂರು ರಸ್ತೆಯ ಪೀಣ್ಯದಲ್ಲೂ ಇದೇ ಕತೆ. ಉಪಗ್ರಹದಿಂದ ಸಿಗುವ ಸ್ಥಾನ ಬಯಲಿನಲ್ಲೇ ಕೆಲವು ಮೀಟರ್ ಆಚೀಚೆ ಇರುತ್ತದೆ. ಎತ್ತರದ ಲೆಕ್ಕದಲ್ಲಿ ತಪ್ಪು ಅದಕ್ಕಿಂತ ಹೆಚ್ಚು. ಮೇಲ್ಸೇತುವೆಯ ಕೆಳಗೆ ಆಕಾಶವೇ ಕಾಣದಾಗ ಇನ್ನೂ ಕಷ್ಟ. ಆದ್ದರಿಂದ ಯಂತ್ರ ನಿಮ್ಮನ್ನು ತಾನು ಹೇಳಿದ ದಾರಿಯಲ್ಲೇ ಇದ್ದೀರಿ ಎಂದು ಊಹಿಸಿಕೊಳ್ಳುತ್ತದೆ. ‘ಫ್ಲೈಓವರ್ ಹತ್ತಿ’ ಎಂದಿತ್ತು, ನೀವು ಹತ್ತಲಿಲ್ಲ. ಕೆಳಗಿನ ಸಿಗ್ನಲ್ಲಿನಲ್ಲಿ ನಿಂತಿದ್ದರೂ ಅದು ಮೇಲಿನ ಮಿತಿಯನ್ನೇ ತೋರಿಸುತ್ತಿರುತ್ತದೆ. ಮಂಡ್ಯ ಜಿಲ್ಲೆಯಲ್ಲಿ ಹೆದ್ದಾರಿ ಬಿಟ್ಟು ಸರ್ವಿಸ್ ರಸ್ತೆಗೆ ಇಳಿದವರಿಗೂ ಇದೇ ಆಗುತ್ತದೆ: ಅಂಕಿ 100, ಎದುರಿಗೆ ಎತ್ತಿನ ಗಾಡಿ.

2024ರಲ್ಲಿ ಗೂಗಲ್ ಮ್ಯಾಪ್ಸ್ ಭಾರತದ 40 ನಗರಗಳಲ್ಲಿ ಮುಂದೆ ಫ್ಲೈಓವರ್ ಹತ್ತಬೇಕೋ ಬೇಡವೋ ಎಂದು ಸ್ಪಷ್ಟವಾಗಿ ತೋರಿಸಲು ಶುರುಮಾಡಿತು. ಇದರಿಂದ ದಾರಿ ತಪ್ಪುವುದು ಕಡಿಮೆಯಾಯಿತು. ಹತ್ತಿದಿರೋ ಇಲ್ಲವೋ ಎಂದು ತಕ್ಷಣ ಗುರುತಿಸುವ ಕಷ್ಟ ಹಾಗೇ ಇದೆ. ಒಂದು ಕಡೆ ಮಾತ್ರ ಸಮಾಧಾನವಿದೆ. ಚಕ್ರ ಮತ್ತು ಸ್ಟೀರಿಂಗಿನ ಸೆನ್ಸರ್‌ಗಳಿಗೆ ಜೋಡಿಸಿ ಕಾರ್ಖಾನೆಯಲ್ಲೇ ಕೂರಿಸಿದ ನ್ಯಾವಿಗೇಷನ್ ಇದ್ದರೆ, ಉಪಗ್ರಹ ಕಾಣದ ಜಾಗದಲ್ಲೂ ಅದು ಕಾರು ಎಷ್ಟು ದೂರ ಸರಿಯಿತು, ಯಾವ ಕಡೆ ತಿರುಗಿತು ಎಂದು ಅಳೆದುಕೊಂಡು ಹೋಗಬಲ್ಲದು. ಡ್ಯಾಶ್‌ಬೋರ್ಡಿಗೆ ಅಂಟಿಸಿದ ಫೋನು ತನ್ನೊಳಗಿನ ಸೆನ್ಸರುಗಳನ್ನೇ ನಂಬಿ ಸುಮಾರಾಗಿ ಊಹಿಸುತ್ತದೆ.

ಮುಳ್ಳು ಒಂದು ಹೇಳುತ್ತದೆ, ಫೋನು ಇನ್ನೊಂದು

ಹೊಸದಾಗಿ ಇಂಥ ಆ್ಯಪ್ ಹಾಕಿಕೊಂಡವರು ಕೇಳುವ ಮೊದಲ ಪ್ರಶ್ನೆ: ಮೀಟರ್ 100 ತೋರಿಸುವಾಗ ಫೋನಿನಲ್ಲಿ 94 ಯಾಕೆ? ಕೆಟ್ಟಿರುವುದು ಯಾವುದು? ಎರಡೂ ಅಲ್ಲ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆಯನ್ನು ಎಂದೂ ತೋರಿಸಬಾರದು ಎಂಬುದು ಕಾರು ತಯಾರಕರು ಪಾಲಿಸುವ ಅಂತರರಾಷ್ಟ್ರೀಯ ನಿಯಮ. ಹೆಚ್ಚು ತೋರಿಸಬಹುದು, ನಿಜವೇಗದ ಶೇ 10 ಮತ್ತು ಅದರ ಮೇಲೆ 4 ಕಿ.ಮೀ.ವರೆಗೆ. ಅಂದರೆ ಕಾರು ನಿಜವಾಗಿ 100ರಲ್ಲಿದ್ದಾಗ ಮುಳ್ಳು 114ರವರೆಗೆ ಹೋದರೂ ನಿಯಮಕ್ಕೆ ಒಳಪಟ್ಟಿದ್ದೇ. ಟೈರು ಸವೆದಷ್ಟೂ ಈ ಅಂತರ ತುಸು ಹೆಚ್ಚುತ್ತದೆ. ಅಲಾಯ್ ವೀಲಿನ ಆಸೆಗೆ ಕಂಪನಿ ಹೇಳಿದ್ದಕ್ಕಿಂತ ದೊಡ್ಡ ಟೈರು ಹಾಕಿಸಿದರೆ ಲೆಕ್ಕ ತಿರುಗಿ, ಮುಳ್ಳು ನಿಜಕ್ಕಿಂತ ಕಡಿಮೆ ತೋರಿಸಲೂಬಹುದು. ಅಂಥವರಿಗೆ ಫೋನಿನ ಅಂಕಿಯೇ ಆಪದ್ಬಾಂಧವ.

ಆದರೆ ಫೋನಿನ ವೇಗವನ್ನು ಎಲ್ಲ ಕಡೆ ನಂಬುವಂತಿಲ್ಲ. ಸಪಾಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಅದು ಮೀಟರಿಗಿಂತ ನಿಖರ. ಥಟ್ಟನೆ ವೇಗ ಹೆಚ್ಚಿಸಿದಾಗ, ಬ್ರೇಕ್ ಹಾಕಿದಾಗ ಅರೆಕ್ಷಣ ಹಿಂದೆ ಬೀಳುತ್ತದೆ. ಸುರಂಗದಲ್ಲಿ, ಎತ್ತರದ ಕಟ್ಟಡಗಳ ನಡುವೆ, ಶಿರಾಡಿ ಘಾಟಿಯ ದಟ್ಟ ಮರಗಳ ಕೆಳಗೆ ತಡವರಿಸುತ್ತದೆ. ಕೆಲವು ಕಾರುಗಳ ಶಾಖನಿರೋಧಕ ಗಾಜಿನಲ್ಲಿ ಲೋಹದ ತೆಳು ಲೇಪ ಇರುತ್ತದೆ. ಅದೂ ಉಪಗ್ರಹದ ಸಂಕೇತವನ್ನು ತಡೆಯಬಲ್ಲದು. ಹಾಗಾಗಿ ಎಚ್ಚರಿಕೆಯನ್ನು ಯಾವ ವೇಗಕ್ಕೆ ಹೊಂದಿಸುವುದು ಎಂಬ ಪ್ರಶ್ನೆ ಬಂದಾಗ, ಮಿತಿಯ ಮೇಲೆ ಒಂದಿಷ್ಟು ರಿಯಾಯಿತಿ ಕೊಟ್ಟುಕೊಳ್ಳುವ ಬದಲು ಮಿತಿಗೆ ಸರಿಯಾಗಿ ಇಡುವುದೇ ವಾಸಿ. ‘ಶೇ 10 ಮೀರಿದರೆ ಹೇಳು’ ಎಂದು ಇಟ್ಟುಕೊಂಡವರ ಕಾಲು ಬೇಗನೆ ಆ ಶೇ 10ಕ್ಕೇ ಒಗ್ಗಿಕೊಳ್ಳುತ್ತದೆ.

ಯಾವಾಗ ಹೇಳಬೇಕು, ಹೇಗೆ ಹೇಳಬೇಕು

ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಮುಂದೆ ಮಿತಿ 60ಕ್ಕೆ ಇಳಿಯುತ್ತದೆ ಎನ್ನಿ. ಮಾತು ಕಿವಿಗೆ ಬಿದ್ದು ಕಾಲು ಆಕ್ಸಿಲರೇಟರಿನಿಂದ ಏಳುವಷ್ಟರಲ್ಲಿ 40 ಮೀಟರ್ ಕಳೆದಿರುತ್ತದೆ. ಹಿಂದಿನ ಸೀಟಿನಲ್ಲಿ ಮಲಗಿರುವ ಮಗು ಮುಗ್ಗರಿಸದ ಹಾಗೆ ನಿಧಾನವಾಗಿ 60ಕ್ಕೆ ಬರಲು ಇನ್ನೂ 160 ಮೀಟರ್ ಬೇಕು. ಒಟ್ಟು 200. ಆದ್ದರಿಂದ ಹೆದ್ದಾರಿಯಲ್ಲಿ ಕನಿಷ್ಠ 200–300 ಮೀಟರ್ ಮುಂಚೆಯೇ ‘ಮುಂದೆ 60’ ಎಂದು ಹೇಳುವ ಯಂತ್ರ ಕೆಲಸಕ್ಕೆ ಬರುತ್ತದೆ. ಫಲಕ ದಾಟಿದ ಮೇಲೆ ಬಣ್ಣ ಬದಲಿಸುವ ಯಂತ್ರ ನಿಮಗೆ ಹೇಳುವುದು ತಪ್ಪು ಆಗಿಹೋಗಿದೆ ಎಂದಷ್ಟೇ. ಹೆಚ್ಚಿನ ಅಗ್ಗದ ಸಾಧನಗಳು ಈ ಎರಡನೆಯ ಜಾತಿ. ಮುಂಚೆ ಹೇಳುತ್ತದೋ, ದಾಟಿದ ಮೇಲೋ? ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಇದು, ಯಾರೂ ಕೇಳುವುದಿಲ್ಲ.

ಕಣ್ಣಿಗೆ ಹೇಳುವುದು, ಕಿವಿಗೆ ಹೇಳುವುದು ಎಂಬುದೂ ಮುಖ್ಯ. ಗೂಗಲ್ ಮ್ಯಾಪ್ಸ್ ಮಿತಿ ಮೀರಿದಾಗ ಮೂಲೆಯ ವೇಗಸೂಚಿಯ ಬಣ್ಣ ಬದಲಿಸುತ್ತದೆ. ನೋಡಿದರೆ ಉಂಟು, ನೋಡದಿದ್ದರೆ ಇಲ್ಲ. ವೇಜ್‌ನಲ್ಲಿ ಸದ್ದು ಬೇಕೋ ಬೇಡವೋ, ಮಿತಿಗೆ ಸರಿಯಾಗಿ ಕೂಗಬೇಕೋ ಎಷ್ಟು ಮೀರಿದ ಮೇಲೆ ಕೂಗಬೇಕೋ ಎಂದು ಆರಿಸಿಕೊಳ್ಳಬಹುದು. ಒಮ್ಮೆ ಚಿಕ್ಕದಾಗಿ ಸದ್ದು ಮಾಡಿ ಸುಮ್ಮನಾಗುವುದು ನನಗೆ ಹಿಡಿಸಿದ ವಿಧಾನ. ಮಿತಿಯೊಳಗೆ ಬರುವ ತನಕ ಬಡಬಡಿಸುವ ಯಂತ್ರ ಓವರ್‌ಟೇಕ್ ಮಾಡುವ ಕ್ಷಣದಲ್ಲಿ ಗಮನ ಕೆಡಿಸುತ್ತದೆ, ಊರು ಮುಟ್ಟುವ ಮೊದಲೇ ಮ್ಯೂಟ್ ಆಗುತ್ತದೆ. ಕನ್ನಡದ ಧ್ವನಿ ಗೂಗಲ್ ಮ್ಯಾಪ್ಸ್, ಮ್ಯಾಪಲ್ಸ್ ಎರಡರಲ್ಲೂ ಸಿಗುತ್ತದೆ. ಆದರೆ ತಿರುವುಗಳನ್ನು ಕನ್ನಡದಲ್ಲಿ ಹೇಳುವ ಆ್ಯಪು ವೇಗದ ಎಚ್ಚರಿಕೆಯನ್ನೂ ಕನ್ನಡದಲ್ಲೇ ಕೊಡುತ್ತದೆಯೇ ಎಂದು ಹಾಕಿ ನೋಡಿ. ಮನೆಯ ಕಾರನ್ನು ಓಡಿಸುವ ಡ್ರೈವರಿಗೆ, ವಯಸ್ಸಾದ ತಂದೆಗೆ ಅದರಿಂದ ನಿಜವಾಗಿ ವ್ಯತ್ಯಾಸವಾಗುತ್ತದೆ.

ಎಲ್ಲಿ ದುಡ್ಡು ಹಾಕುವುದು

ಬೇರೆಯದೇ ಯಂತ್ರ, ಅಂದರೆ ಗಾಜಿಗೆ ಅಂಟಿಸುವ ಗಾರ್ಮಿನ್, ಟಾಮ್‌ಟಾಮ್ ಬಗೆಯದು, ಯುರೋಪ್ ಅಮೆರಿಕಗಳಲ್ಲಿ ಇನ್ನೂ ಮಾರಾಟದಲ್ಲಿದೆ. ನಮ್ಮಲ್ಲಿ ಫೋನು ಅದನ್ನು ಹೆಚ್ಚುಕಡಿಮೆ ನುಂಗಿಹಾಕಿತು. ಎಲ್ಲಾದರೂ ಹಳೆಯ ದಾಸ್ತಾನು ಅಗ್ಗಕ್ಕೆ ಸಿಕ್ಕರೂ ತೆಗೆದುಕೊಳ್ಳಬೇಡಿ. ನಕ್ಷೆ ನವೀಕರಣ ನಿಂತ ಯಂತ್ರ ಮೈಸೂರು ಹೆದ್ದಾರಿಯ ಬೈಪಾಸುಗಳನ್ನು ಹೊಲ ಎಂದೇ ತಿಳಿದಿರುತ್ತದೆ.

ಕಾರಿನಲ್ಲಿ ಆಗಲೇ ಆಂಡ್ರಾಯ್ಡ್ ಆಟೊ ಅಥವಾ ಆ್ಯಪಲ್ ಕಾರ್‌ಪ್ಲೇ ಇದ್ದರೆ ನೀವು ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ. ಫೋನಿನಲ್ಲಿ ಎರಡು ಆ್ಯಪ್ ಹಾಕಿಕೊಂಡು ಯಾವುದು ನಿಮ್ಮ ದಾರಿಗೆ ಒಗ್ಗುತ್ತದೆ ನೋಡಿ. ಇಲ್ಲದವರು ಒಂದು ಗಟ್ಟಿ ಹೋಲ್ಡರ್‌ಗೆ ಖರ್ಚು ಮಾಡುವುದು ಲೇಸು. ಎಸಿಯ ಗಾಳಿ ತಾಗುವ ಕಡೆ, ಸ್ಟೀರಿಂಗಿನ ಪಕ್ಕದಲ್ಲಿ, ಕಣ್ಣು ರಸ್ತೆಯಿಂದ ಹೆಚ್ಚು ಇಳಿಯದ ಎತ್ತರದಲ್ಲಿ ಇರಲಿ. ಗಾಜಿನ ನಡುವೆ ನೇತುಹಾಕಿದರೆ ನೋಟಕ್ಕೂ ಅಡ್ಡ, ರಾಯಚೂರಿನ ಬಿಸಿಲಿಗೆ ಫೋನು ಕಾದು ತಾನೇ ಆರಿಹೋಗುತ್ತದೆ. ಕಾನೂನೂ ಇಲ್ಲಿದೆ: 2020ರ ಅಕ್ಟೋಬರ್‌ನಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಓಡಿಸುವಾಗ ಮೊಬೈಲನ್ನು ದಾರಿ ನೋಡಲು ಮಾತ್ರ ಬಳಸಬಹುದು, ಅದೂ ಚಾಲಕನ ಗಮನ ಕದಲದ ಹಾಗೆ. ಕೈಯಲ್ಲಿ ಹಿಡಿದು ‘ಮ್ಯಾಪ್ ನೋಡ್ತಿದ್ದೆ ಸಾರ್’ ಎಂದರೆ ಪೊಲೀಸರು ಒಪ್ಪಬೇಕೆಂದಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹಾಕಿಕೊಡುವ ಆಂಡ್ರಾಯ್ಡ್ ಸ್ಕ್ರೀನ್‌ಗಳ ಬಗ್ಗೆ ಎರಡು ಮಾತು. ಅವು ನೋಡಲು ಚೆಂದ, ರಿವರ್ಸ್ ಕ್ಯಾಮೆರಾಗೂ ಆಗುತ್ತದೆ. ಆದರೆ ಅದರ ಪುಟ್ಟ ಜಿಪಿಎಸ್ ಆಂಟೆನಾವನ್ನು ಫಿಟ್ ಮಾಡುವ ಹುಡುಗ ಎಲ್ಲಿ ತುರುಕುತ್ತಾನೆ ಎಂದು ನಿಂತು ನೋಡಿ. ಡ್ಯಾಶ್‌ಬೋರ್ಡಿನೊಳಗಿನ ಕಬ್ಬಿಣದ ಪಟ್ಟಿಯ ಕೆಳಗೆ ಹೋದರೆ ಮುಗಿಯಿತು, ಕಾರು ಗದ್ದೆಯಲ್ಲಿ ಓಡುತ್ತಿರುವಂತೆ ನಕ್ಷೆಯಲ್ಲಿ ಕಾಣುತ್ತದೆ. ಗಾಜಿನ ಕೆಳಗೆ, ಆಕಾಶಕ್ಕೆ ಮುಖ ಮಾಡಿ ಕೂರಿಸಬೇಕು. ಸ್ಕ್ರೀನಿನಲ್ಲೇ ತುಂಬಿಸಿಕೊಟ್ಟ ಹೆಸರಿಲ್ಲದ ನ್ಯಾವಿಗೇಷನ್ ಆ್ಯಪ್‌ಗೆ ನಕ್ಷೆ ಕೊಟ್ಟವರು ಯಾರು ಎಂದು ಅಂಗಡಿಯವರನ್ನು ಕೇಳಿ. ಉತ್ತರ ಬಾರದಿದ್ದರೆ ಅದನ್ನು ಬಿಟ್ಟು ಫೋನನ್ನೇ ಜೋಡಿಸಿಕೊಳ್ಳಿ.

ಇನ್ನೊಂದು ದಾರಿ, ಫಲಕವನ್ನೇ ಓದುವ ಕ್ಯಾಮೆರಾ. 2021ರಲ್ಲಿ ಬಂದ ಮಹೀಂದ್ರ ಎಕ್ಸ್‌ಯುವಿ700ರ ಮೇಲ್ದರ್ಜೆಯ ಮಾದರಿಯಲ್ಲಿ, ಆಮೇಲೆ ಟಾಟಾ ಹ್ಯಾರಿಯರ್, ಸಫಾರಿಗಳಲ್ಲಿ ಇದು ಸಿಗುತ್ತಿದೆ. ನಕ್ಷೆಗೆ ತಿಳಿಯದ ಹೊಸ ಫಲಕವನ್ನೂ, ಕಾಮಗಾರಿಯ ಮುಂದಿನ ತಾತ್ಕಾಲಿಕ ಫಲಕವನ್ನೂ ಇದು ಹಿಡಿಯಬಲ್ಲದು. ಆದರೆ ಫಲಕ ಇರಬೇಕಲ್ಲ! ಅರ್ಧ ಫಲಕಗಳ ಮುಂದೆ ಹೊಂಗೆ ಮರದ ಕೊಂಬೆ ಇಳಿಬಿದ್ದಿರುತ್ತದೆ, ಉಳಿದವಕ್ಕೆ ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸ್ ಕಟ್ಟಿರುತ್ತಾರೆ. ಲಾರಿ, ಬಸ್ಸುಗಳ ಬೆನ್ನ ಮೇಲೆ ಅವುಗಳ ಸ್ಪೀಡ್ ಗವರ್ನರ್ ಮಿತಿ 80 ಅಥವಾ 60 ಎಂದು ಬರೆದಿರುತ್ತದೆ. ಅದು ವೃತ್ತದೊಳಗೆ ಇದ್ದರೆ ಕ್ಯಾಮೆರಾ ರಸ್ತೆಯ ಫಲಕವೆಂದೇ ಭಾವಿಸುವ ಅಪಾಯವಿದೆ. ನಕ್ಷೆ ಮತ್ತು ಕ್ಯಾಮೆರಾ ಎರಡನ್ನೂ ಹೋಲಿಸಿ ನೋಡುವ ಕಾರು ಇವೆರಡಕ್ಕಿಂತ ಮೇಲು. ಈ ಒಂದು ಸೌಲಭ್ಯಕ್ಕಾಗಿ ಲಕ್ಷಗಟ್ಟಲೆ ಹೆಚ್ಚು ಕೊಟ್ಟು ಮೇಲಿನ ಮಾದರಿಗೆ ಹೋಗಬೇಕೇ? ಬೇಡ. ಬೇರೆ ಕಾರಣಕ್ಕೆ ಹೇಗೂ ಹೋಗುತ್ತಿದ್ದರೆ, ಶೋರೂಮಿನಲ್ಲಿ ಇದನ್ನು ಚಾಲೂ ಮಾಡಿಸಿ ಓಡಿಸಿ ನೋಡಿ.

ಘಾಟಿ ರಸ್ತೆಯವರಿಗೆ ಬೇರೆ ಚಿಂತೆ. ಚಾರ್ಮಾಡಿ, ಆಗುಂಬೆ, ಶಿರಾಡಿಗಳಲ್ಲಿ ಮೊಬೈಲ್ ಸಿಗ್ನಲ್ ಬಂದು ಹೋಗುತ್ತದೆ. ಉಪಗ್ರಹಕ್ಕೆ ಸಿಮ್ ಬೇಕಾಗಿಲ್ಲ, ನಕ್ಷೆಗೆ ಮತ್ತು ಮಿತಿಯ ಅಂಕಿಗೆ ಇಂಟರ್ನೆಟ್ ಬೇಕಾಗಬಹುದು. ಮೊದಲೇ ಜಿಲ್ಲೆಯ ನಕ್ಷೆ ಇಳಿಸಿಕೊಳ್ಳಿ. ಆಮೇಲೆ ಮನೆಯ ಹತ್ತಿರವೇ ಫೋನಿನ ಡೇಟಾ ಆರಿಸಿ ಒಂದು ಸುತ್ತು ಹೊಡೆದು, ಮಿತಿ ಆಗಲೂ ಕಾಣುತ್ತದೆಯೇ ಎಂದು ಪರೀಕ್ಷಿಸಿ. ದಾರಿ ತೋರಿಸಿ ಮಿತಿ ತೋರಿಸದ ಆ್ಯಪು ಘಾಟಿಗೆ ಅರ್ಧ ಉಪಯೋಗಿ ಅಷ್ಟೇ. ಆಸ್ಮ್ಅಂಡ್‌ನಂಥ, ಇಡೀ ನಕ್ಷೆಯನ್ನು ಫೋನಿನಲ್ಲೇ ಇಟ್ಟುಕೊಳ್ಳುವ ಆ್ಯಪ್‌ಗಳಿಗೆ ಇಲ್ಲಿ ಬೆಲೆ, ನಿಮ್ಮ ದಾರಿಯಲ್ಲಿ ಯಾರಾದರೂ ಮಿತಿ ಬರೆದಿಟ್ಟಿದ್ದರೆ. ಹೆಚ್ಚಿನ ಕಡೆ ಬರೆದಿಲ್ಲ.

ಹೊರದೇಶಕ್ಕೆ ಹೋಗಿ ಬಾಡಿಗೆ ಕಾರು ಓಡಿಸುವವರಿಗೆ

ಮಗನ ಮನೆಗೆ ಜರ್ಮನಿಗೆ, ಮಗಳ ಮನೆಗೆ ಇಂಗ್ಲೆಂಡಿಗೆ ಹೋಗುವವರು ಈಗ ಎಲ್ಲ ಊರಲ್ಲೂ ಇದ್ದಾರೆ. ಯುರೋಪಿಯನ್ ಒಕ್ಕೂಟದಲ್ಲಿ 2024ರ ಜುಲೈನಿಂದ ಮಾರಾಟವಾಗುವ ಪ್ರತಿ ಹೊಸ ಕಾರಿನಲ್ಲೂ ರಸ್ತೆಯ ಮಿತಿ ಗುರುತಿಸಿ ಚಾಲಕನನ್ನು ಎಚ್ಚರಿಸುವ ಏರ್ಪಾಡು ಕಡ್ಡಾಯ. ಬಾಡಿಗೆ ಕಾರು ಸುಮ್ಮನೆ ಕೂಗುತ್ತಿದ್ದರೆ ಕೆಟ್ಟಿದೆ ಎಂದುಕೊಳ್ಳಬೇಡಿ. ಆದರೆ ಕ್ಯಾಮೆರಾ ಇರುವ ಜಾಗ ಹೇಳುವ ಆ್ಯಪನ್ನು ಓಡಿಸುವಾಗ ಬಳಸುವುದು ಜರ್ಮನಿಯಲ್ಲಿ ಚಾಲಕನಿಗೆ ನಿಷಿದ್ಧ, 75 ಯೂರೊ ದಂಡ. ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನಲ್ಲೂ ಇಂಥದೇ ಕಟ್ಟುನಿಟ್ಟು. ಇಲ್ಲಿ ಚಾಲೂ ಇದ್ದ ಆ್ಯಪನ್ನು ಹಾಗೇ ಅಲ್ಲಿಗೆ ಒಯ್ಯಬೇಡಿ. ಕ್ಯಾಮೆರಾ ಎಚ್ಚರಿಕೆಯನ್ನು ಆರಿಸಿ, ಮಿತಿಯ ಎಚ್ಚರಿಕೆಯನ್ನು ಉಳಿಸಿಕೊಳ್ಳಿ. ಇಂಗ್ಲೆಂಡಿನಲ್ಲಿ ಲೆಕ್ಕ ಮೈಲಿಯಲ್ಲಿ. ಅಲ್ಲಿನ 30 ನಮ್ಮ 48.

ಕೊಳ್ಳುವ ಮೊದಲು ಒಂದು ಸುತ್ತು

ನಿಮಗೆ ಅಂಗೈಯಷ್ಟು ಪರಿಚಯವಿರುವ ರಸ್ತೆಯನ್ನು ಆರಿಸಿಕೊಳ್ಳಿ. ಅದರಲ್ಲಿ ಮಿತಿ ಬದಲಾಗುವ ಜಾಗ, ಒಂದು ಫ್ಲೈಓವರ್, ಒಂದು ಸರ್ವಿಸ್ ರಸ್ತೆ, ಒಂದು ಶಾಲೆ ಇರಲಿ. ಪಕ್ಕದ ಸೀಟಿನಲ್ಲಿ ಇನ್ನೊಬ್ಬರು ಕೂತು, ಫಲಕದಲ್ಲಿ ಏನಿತ್ತು, ಯಂತ್ರ ಏನು ತೋರಿಸಿತು, ಫಲಕಕ್ಕೆ ಮೊದಲು ಹೇಳಿತೋ ಆಮೇಲೋ ಎಂದು ಚೀಟಿಯಲ್ಲಿ ಬರೆದುಕೊಳ್ಳಲಿ. ಓಡಿಸುವವರು ಈ ಕೆಲಸಕ್ಕೆ ಕೈಹಾಕಬಾರದು. ಫ್ಲೈಓವರಿನ ಬಳಿ ಬೇಕೆಂದೇ ಅದು ಹೇಳಿದ್ದಕ್ಕೆ ವಿರುದ್ಧವಾಗಿ ಹೋಗಿ, ಎಷ್ಟು ಹೊತ್ತಿಗೆ ತಿದ್ದಿಕೊಳ್ಳುತ್ತದೆ ನೋಡಿ. ರಾತ್ರಿ ಒಮ್ಮೆ ಇದೇ ಸುತ್ತು ಹೊಡೆದರೆ ಸ್ಕ್ರೀನಿನ ಬೆಳಕು ಕಣ್ಣು ಕುಕ್ಕುತ್ತದೆಯೇ, ಸದ್ದು ಹಾಡಿನ ನಡುವೆ ಕೇಳುತ್ತದೆಯೇ ಎಂಬುದೂ ಗೊತ್ತಾಗುತ್ತದೆ. ಎರಡು ಆ್ಯಪನ್ನು ಎರಡು ಫೋನಿನಲ್ಲಿ ಒಟ್ಟಿಗೆ ಓಡಿಸಿದರೆ ಹೋಲಿಕೆ ಇನ್ನೂ ಸುಲಭ. ಹೆಚ್ಚು ಅಂಕಿ ತೋರಿಸಿದ್ದಕ್ಕಲ್ಲ, ಕಡಿಮೆ ತಪ್ಪು ಅಂಕಿ ತೋರಿಸಿದ್ದಕ್ಕೆ ಮಾರ್ಕು ಕೊಡಿ.

ಫಲಕಕ್ಕೂ ಯಂತ್ರಕ್ಕೂ ಜಗಳ ಬಂದರೆ ಫಲಕವೇ ಗೆಲ್ಲುತ್ತದೆ. ಚಲನ್ ಬಂದ ಮೇಲೆ ‘ಆ್ಯಪಿನಲ್ಲಿ 80 ಇತ್ತು’ ಎಂಬ ಸ್ಕ್ರೀನ್‌ಶಾಟ್ ಹಿಡಿದುಕೊಂಡು ಠಾಣೆಗೆ ಹೋಗುವುದರಿಂದ ಪ್ರಯೋಜನವಿಲ್ಲ. ಫಲಕವೇ ಇರಲಿಲ್ಲ ಎಂಬುದು ನಿಮ್ಮ ವಾದವಾದರೆ ಆ ಜಾಗದ ಚಿತ್ರ ಹೆಚ್ಚು ಮಾತಾಡುತ್ತದೆ. ಡ್ಯಾಶ್‌ಕ್ಯಾಮ್ ಇದ್ದವರು ಆ ದಿನದ ತುಣುಕನ್ನು ಉಳಿಸಿಕೊಳ್ಳಲಿ. ತಪ್ಪು ಮಿತಿ ಕಂಡಾಗ ಆ್ಯಪಿನಲ್ಲೇ ವರದಿ ಮಾಡುವ ಗುಂಡಿ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ. ವೇಜ್ ಮತ್ತು ಓಪನ್‌ಸ್ಟ್ರೀಟ್‌ಮ್ಯಾಪ್‌ಗಳಲ್ಲಿ ನಿಮ್ಮ ಬಡಾವಣೆಯ ಅಂಕಿಯನ್ನು ನೀವೇ ಸರಿಪಡಿಸಲೂಬಹುದು. ಮಗಳ ಶಾಲೆಯ ಮುಂದಿನ 30ನ್ನು ಯಾರಾದರೂ ನಕ್ಷೆಗೆ ಹಾಕಲಿ ಎಂದು ಕಾಯುವುದಕ್ಕಿಂತ, ಭಾನುವಾರ ಮಧ್ಯಾಹ್ನ ಕೂತು ಹಾಕಿಬಿಡಿ. ಆ ರಸ್ತೆಗೆ ಮುಂದೆ ಬರುವ ಅಪರಿಚಿತ ಕಾರುಗಳಿಗೂ ಅದು ಕೇಳಿಸುತ್ತದೆ.